ಅಡಿಕೆ ಮಂಡಿಯ ಬಿಲ್ಲು, ಟರ್ಬೊ ಸಿಯ ನೀಲಿ ಪರದೆ

ಅಡಿಕೆ ಸೀಸನ್ ಶುರುವಾಯಿತೆಂದರೆ ಚನ್ನಗಿರಿಯ ಮಂಡಿ ಗುಮಾಸ್ತರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ರಾಶಿ, ಬೆಟ್ಟೆ, ಗೊರಬಲು ಎಂದು ಒಂದೊಂದಕ್ಕೆ ಒಂದೊಂದು ದರ. ಚೀಲದ ಸಮೇತ ತೂಕ ಬೇರೆ, ಖಾಲಿ ಚೀಲ ಕಳೆದ ತೂಕ ಬೇರೆ. ಹಮಾಲಿ, ತೂಕದ ಚಾರ್ಜು, ರೈತ ಮೊದಲೇ ಕೈಗಡ ಒಯ್ದಿದ್ದರೆ ಅದರ ಕಡಿತ. ಇಷ್ಟೂ ಒಂದೇ ತಕ್‌ಪಟ್ಟಿಯಲ್ಲಿ ಕೂರಬೇಕು. ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಓಡುತ್ತಿರುವುದು ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ. ಅದರ ಸಿದ್ಧ ಬಿಲ್ಲಿನಲ್ಲಿ ವಸ್ತು, ಪ್ರಮಾಣ, ದರ, ಮೊತ್ತ ಇವೆ. ಖಾಲಿ ಚೀಲದ ತೂಕ ಎಂಬ ಕಾಲಂ ಇಲ್ಲ.

‘ಇದೊಂದು ಕಾಲಂ ಹಾಕ್ಕೊಡಪ್ಪಾ’ ಎಂದು ದಾವಣಗೆರೆಗೆ ಫೋನ್ ಹೋಗುತ್ತದೆ. ‘ಆಗ್ಲಿ ಸಾವ್ಕಾರ್ರೆ, ಸಂಜೆ ಒಳಗೆ ಹಾಕ್ತೀನಿ’ ಎಂದು ಆ ಕಡೆಯಿಂದ ಉತ್ತರ ಬರುತ್ತದೆ.

ಹೀಗೆ ಒಪ್ಪಿಕೊಂಡವನು ಬಂದು ತೆರೆಯುವುದು ಬಣ್ಣದ ಗುಂಡಿಗಳನ್ನು ಎಳೆದೆಳೆದು ಜೋಡಿಸುವ ಡಿಸೈನ್ ಪರದೆಯನ್ನಲ್ಲ. ಸಾದಾ ಪಠ್ಯದ ಫೈಲನ್ನು. ನೋಟ್‌ಪ್ಯಾಡ್ ಆದರೂ ನಡೆಯುತ್ತದೆ. ಅದರಲ್ಲಿ ಟಿಡಿಎಲ್ ಎಂಬ ಭಾಷೆಯಲ್ಲಿ ಒಂದಷ್ಟು ಸಾಲು ಬರೆದು, ಟ್ಯಾಲಿಯಲ್ಲಿ ಎಫ್1 ಒತ್ತಿ, ‘ಟಿಡಿಎಲ್ ಅಂಡ್ ಆಡ್-ಆನ್’ ಎಂಬಲ್ಲಿಗೆ ಹೋಗಿ ಆ ಫೈಲ್ ಎಲ್ಲಿದೆಯೆಂದು ತೋರಿಸಿದರೆ ಹೊಸ ಕಾಲಂ ಬಿಲ್ಲಿನೊಳಗೆ ಬಂದು ಕೂರುತ್ತದೆ.

ಪರದೆಯ ಮೇಲೆ ಏನು ಎಲ್ಲಿ ಕಾಣಬೇಕು ಎಂದು ಹೇಳುವುದೇ ಕಸುಬಾಗಿರುವ ಭಾಷೆ ಇದು. ಆದರೂ ಪರದೆಯನ್ನು ಕೈಯಲ್ಲಿ ಬಿಡಿಸುವ ಸೌಲಭ್ಯವನ್ನು ನೆಚ್ಚಿಕೊಂಡಿಲ್ಲ. ಹೊಸದೊಂದು ಪ್ರೋಗ್ರಾಮಿಂಗ್ ಸಾಧನ ಕಟ್ಟುವವರೆಲ್ಲ ಒಂದು ಹಂತದಲ್ಲಿ ಎಡವುವ ಪ್ರಶ್ನೆಗೆ ಇಲ್ಲಿ ನಮ್ಮ ನೆಲದ್ದೇ ಉದಾಹರಣೆ ಸಿಗುತ್ತದೆ: ಭಾಷೆ ಸಿದ್ಧವಾಯಿತು, ಕಂಪೈಲರ್ ಸಿದ್ಧವಾಯಿತು, ಇನ್ನು ಇದಕ್ಕೊಂದು ಚಿತ್ರಮಯ ಪರಿಸರವನ್ನೂ ಕಟ್ಟಬೇಕೇ? ಬರೆಯುವ ಎಡಿಟರ್, ಓಡಿಸುವ ಗುಂಡಿ, ತಪ್ಪು ಹುಡುಕುವ ಡಿಬಗ್ಗರ್, ಪರದೆ ಬಿಡಿಸುವ ಹಲಗೆ ಎಲ್ಲವೂ ಒಂದೇ ಸೂರಿನಡಿ ಇರುವ, ಕಾಲೇಜು ಹುಡುಗರು ಐಡಿಇ ಎಂದು ಕರೆಯುವ ಆ ದೊಡ್ಡ ಮನೆ ಬೇಕೇ ಬೇಕೇ?

ಟ್ಯಾಲಿ ಬೆಂಗಳೂರಿನ ಕೂಸು. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಶುರುಮಾಡಿದ, ಮೊದಲು ಪ್ಯೂಟ್ರಾನಿಕ್ಸ್ ಎಂಬ ಹೆಸರಿದ್ದ ಕಂಪನಿಯದು. ಖಾತೆಗಳಿಗೆಲ್ಲ ಕೋಡ್ ನಂಬರು ಕೊಟ್ಟು ನೆನಪಿಟ್ಟುಕೊಳ್ಳಬೇಕಿದ್ದ ಕಾಲದಲ್ಲಿ ನೇರವಾಗಿ ಹೆಸರಿನಿಂದಲೇ ಲೆಕ್ಕ ಬರೆಯಲು ಬಿಟ್ಟಿದ್ದು ಅದರ ಹೆಚ್ಚುಗಾರಿಕೆ. ಮೌಸ್ ಮುಟ್ಟದೆ ಇಡೀ ದಿನ ಕೆಲಸ ಮುಗಿಸಬಹುದು ಎನ್ನುವುದು ಇನ್ನೊಂದು. ಟ್ಯಾಲಿಯ ಮೆನು, ಬಿಲ್ಲು, ವರದಿಗಳ ಪರದೆಗಳೆಲ್ಲ ಟಿಡಿಎಲ್‌ನಲ್ಲೇ ಬರೆದವು. ಹೊರಗಿನ ಪ್ರೋಗ್ರಾಮರ್ ಅದೇ ಭಾಷೆಯಲ್ಲಿ ಒಳಗಿನದಕ್ಕೆ ತನ್ನದನ್ನು ಸೇರಿಸುತ್ತಾನೆ, ಅಷ್ಟೇ.

ಭಾಷೆಯ ಕಟ್ಟಡ ಸರಳ. ರಿಪೋರ್ಟ್ ಒಳಗೆ ಫಾರ್ಮ್, ಫಾರ್ಮ್ ಒಳಗೆ ಪಾರ್ಟ್, ಪಾರ್ಟ್ ಒಳಗೆ ಲೈನ್, ಲೈನ್ ಒಳಗೆ ಫೀಲ್ಡ್. ಪ್ರತಿಯೊಂದಕ್ಕೂ ಚೌಕ ಆವರಣದಲ್ಲಿ ಒಂದು ಹೆಸರು, ಅದರ ಕೆಳಗೆ ಅದರ ಗುಣಗಳು. ಮೊದಲೇ ಇರುವ ಲೈನ್ ಒಂದನ್ನು ತಿದ್ದಬೇಕಾದರೆ ಮೊದಲಿಗೆ ಒಂದು ಹ್ಯಾಶ್ ಗುರುತು ಹಾಕಿ ಅದರ ಹೆಸರು ಬರೆದರಾಯಿತು. ಚೀಲದ ತೂಕದ ಕಾಲಂ ಸೇರಿಸುವುದೆಂದರೆ ಬಿಲ್ಲಿನ ಸರಿಯಾದ ಲೈನ್ ಹಿಡಿದು ಅದಕ್ಕೊಂದು ಫೀಲ್ಡ್ ಅಂಟಿಸುವುದು.

ಕಷ್ಟ ಇರುವುದು ಆ ‘ಸರಿಯಾದ’ ಎಂಬಲ್ಲಿ. ಟ್ಯಾಲಿಯೊಳಗೆ ಸಾವಿರಗಟ್ಟಲೆ ಹೆಸರುಗಳಿವೆ. ಪರದೆಯಲ್ಲಿ ಕಾಣುವ ಆ ಒಂದು ಸಾಲಿಗೆ ಒಳಗೆ ಏನು ಹೆಸರಿಟ್ಟಿದ್ದಾರೆ ಎನ್ನುವುದು ಪರದೆ ನೋಡಿದರೆ ತಿಳಿಯದು. ಎರಡನೆಯ ಕಷ್ಟ ಇದಕ್ಕಿಂತ ದೊಡ್ಡದು. ಬಿಲ್ಲಿನಲ್ಲಿ ತುಂಬಿದ ಚೀಲದ ತೂಕ ಉಳಿಯಬೇಕಲ್ಲ? ಅದಕ್ಕೆ ಯುಡಿಎಫ್ ಬೇಕು, ಅಂದರೆ ಬಳಕೆದಾರ ತಾನೇ ಹುಟ್ಟಿಸಿಕೊಂಡ ಖಾನೆ. ಪ್ರತಿ ಯುಡಿಎಫ್‌ಗೂ ಒಂದು ಹೆಸರು, ಒಂದು ಬಗೆ, ಒಂದು ನಂಬರು. ಟ್ಯಾಲಿ ಒಳಗೆ ನೆನಪಿಟ್ಟುಕೊಳ್ಳುವುದು ನಂಬರನ್ನು. ಹೋದ ವರ್ಷ ಒಬ್ಬ ಬಂದು ಲಾರಿ ನಂಬರಿಗೆಂದು ಒಂದು ಖಾನೆ ಮಾಡಿಹೋಗಿ, ಈ ವರ್ಷ ಇನ್ನೊಬ್ಬ ಅದು ಗೊತ್ತಿಲ್ಲದೆ ಅದೇ ಬಗೆಗೆ ಅದೇ ನಂಬರು ಹಚ್ಚಿ ಬೇರೆ ಖಾನೆ ತೆರೆದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಇಷ್ಟು ನಡೆದರೂ ಪರದೆಯ ಅಂದಚಂದಕ್ಕೆ ಏನೂ ಆಗಿರುವುದಿಲ್ಲ. ಎಷ್ಟೇ ಸೊಗಸಾದ ಡಿಸೈನ್ ಹಲಗೆ ಕೊಟ್ಟರೂ ಈ ತಪ್ಪು ಅದರಲ್ಲಿ ಕಾಣಿಸದು.

ಟಿಡಿಎಲ್‌ಗೆಂದೇ ಟ್ಯಾಲಿ ಡೆವಲಪರ್ ಎಂಬ ಐಡಿಇ ಇದೆ. ಅದರ ಬೆಲೆ ಗೊತ್ತಾಗುವುದು ಹುಡುಕಾಟದಲ್ಲಿ. ಟ್ಯಾಲಿಯ ಮೂಲ ವ್ಯಾಖ್ಯೆಗಳನ್ನೆಲ್ಲ ಜಾಲಾಡಬಹುದು, ಒಂದು ಹೆಸರಿನ ಮೇಲೆ ನಿಂತು ಅದು ಹುಟ್ಟಿದ ಜಾಗಕ್ಕೆ ಹಾರಬಹುದು, ಬರೆಯುತ್ತಿದ್ದಂತೆ ಮುಂದಿನ ಗುಣದ ಹೆಸರು ತಾನೇ ಬರುತ್ತದೆ, ಬರೆದದ್ದನ್ನು ಕಂಪೈಲ್ ಮಾಡಿ ಗಿರಾಕಿಗೆ ಕೊಡಬಹುದು. ಕೆಲಸ ಪಠ್ಯದಲ್ಲೇ. ಪ್ರೋಗ್ರಾಮರ್‌ನ ಕಣ್ಣಿಗೆ ಯಾವುದು ಕಾಣುತ್ತಿರಲಿಲ್ಲವೋ ಅದನ್ನು ಕಾಣಿಸುವುದಕ್ಕೆ ಶ್ರಮ ಹಾಕಿದ್ದಾರೆ. ಕಾಣುತ್ತಿದ್ದುದನ್ನೇ ಮತ್ತೆ ಚಂದ ಮಾಡಿ ತೋರಿಸುವುದಕ್ಕಲ್ಲ. ಹೊಸ ಸಾಧನಕ್ಕೆ ಚಿತ್ರಮಯ ಪರಿಸರ ಬೇಕೋ ಬೇಡವೋ ಎಂದು ತೂಗುವವರು ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ: ಬಳಸುವವನಿಗೆ ಏನು ಕಾಣುತ್ತಿಲ್ಲ?

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ವಿಷುಯಲ್ ಬೇಸಿಕ್. ಅಲನ್ ಕೂಪರ್ ಎಂಬಾತ ರೂಪಿಸಿದ್ದ ಪರದೆ ಬಿಡಿಸುವ ಸಾಧನವನ್ನು ಮೈಕ್ರೋಸಾಫ್ಟ್ ಕೊಂಡು, ತನ್ನ ಬೇಸಿಕ್ ಭಾಷೆಗೆ ಜೋಡಿಸಿ 1991ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಗುಂಡಿಯನ್ನು ಎಳೆದು ಫಾರ್ಮಿನ ಮೇಲಿಡು, ಅದರ ಮೇಲೆ ಎರಡು ಸಲ ಒತ್ತು, ಒತ್ತಿದಾಗ ಏನಾಗಬೇಕೋ ಬರೆ. ಅದಕ್ಕೂ ಮೊದಲು ವಿಂಡೋಸ್‌ನಲ್ಲಿ ಒಂದು ಖಾಲಿ ಕಿಟಕಿ ತೆರೆಸಲು ಸಿ ಭಾಷೆಯಲ್ಲಿ ಪುಟಗಟ್ಟಲೆ ಬರೆಯಬೇಕಿತ್ತು. 1998ರಲ್ಲಿ ಬಂದ ಆರನೆಯ ಆವೃತ್ತಿ, ಅಂದರೆ ವಿಬಿ6 ಅಂತೂ ನಮ್ಮ ಊರುಗಳಲ್ಲಿ ಗೊಬ್ಬರದಂಗಡಿಯಿಂದ ಸಹಕಾರ ಸಂಘದವರೆಗೆ, ಮೆಡಿಕಲ್ ಸ್ಟೋರಿನಿಂದ ಖಾಸಗಿ ಶಾಲೆಯ ಫೀಸು ಕೌಂಟರಿನವರೆಗೆ ಹಬ್ಬಿತು. ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ವಾರದಲ್ಲಿ ಬಿಲ್ಲಿಂಗ್ ತಂತ್ರಾಂಶ ಬರೆದು ಕೊಡುತ್ತಿದ್ದುದು ಈ ಹಲಗೆಯ ಬಲದಿಂದಲೇ. ಚಿತ್ರಮಯ ಪರಿಸರವನ್ನು ಅಲಂಕಾರ ಎಂದು ಜರೆಯುವವರು ಈ ಅಧ್ಯಾಯವನ್ನು ಮರೆಯಬಾರದು.

ಆದರೆ ಆ ಹಲಗೆಗೂ ಸಾಲ ತೀರಿಸುವ ದಿನ ಬಂತು. ದಾವಣಗೆರೆ ಜಿಲ್ಲೆಯ ತಾಲ್ಲೂಕು ಪಟ್ಟಿಯನ್ನೇ ತೆಗೆದುಕೊಳ್ಳಿ. 1997ರಲ್ಲಿ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾನೇ ತಾಲ್ಲೂಕಾಯಿತು. ಹರಪನಹಳ್ಳಿ ಬಳ್ಳಾರಿಗೆ ಮರಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಳೆಯ ವಿಷುಯಲ್ ಬೇಸಿಕ್ ತಂತ್ರಾಂಶವೊಂದರಲ್ಲಿ ವಿಳಾಸ ತುಂಬುವ ಫಾರ್ಮಿಗೆ ತಾಲ್ಲೂಕುಗಳ ಕಾಂಬೊ ಬಾಕ್ಸ್ ಇದ್ದು, ಹೆಸರುಗಳನ್ನು ಡಿಸೈನ್ ಹಲಗೆಯಲ್ಲೇ ಟೈಪ್ ಮಾಡಿದ್ದರೆ ಅವು ಎಲ್ಲಿರುತ್ತವೆ? ಪಠ್ಯದ ಫೈಲಿನಲ್ಲಲ್ಲ. ಎಫ್‌ಆರ್‌ಎಕ್ಸ್ ಎಂಬ ಬೈನರಿ ಫೈಲಿನಲ್ಲಿ. ಇಡೀ ಪ್ರಾಜೆಕ್ಟನ್ನು ಎಡಿಟರಿನಲ್ಲಿ ಹಾಕಿ ‘ಹೊನ್ನಾಳಿ’ ಎಂದು ಹುಡುಕಿದರೆ ಸಿಗದು. ನ್ಯಾಮತಿಯನ್ನು ಸೇರಿಸಬೇಕಾದರೆ ವಿಬಿ6 ಐಡಿಇಯಲ್ಲೇ ಒಂದೊಂದು ಫಾರ್ಮ್ ತೆರೆದು ಒಂದೊಂದು ಕಾಂಬೊ ಬಾಕ್ಸಿಗೆ ಕೈಹಾಕಬೇಕು. ಆ ಐಡಿಇಗೆ ಮೈಕ್ರೋಸಾಫ್ಟ್ ಬೆಂಬಲ 2008ರಲ್ಲೇ ನಿಂತಿದೆ. ಬರೆದ ತಂತ್ರಾಂಶ ಇಂದಿನ ವಿಂಡೋಸ್‌ನಲ್ಲೂ ಓಡುತ್ತದೆ. ತಿದ್ದುವ ಹಲಗೆ ಮಾತ್ರ ಅನಾಥ. ಭಾಷೆಯನ್ನೂ ಹಲಗೆಯನ್ನೂ ಬಿಡಿಸಲಾಗದಂತೆ ಬೆಸೆದರೆ ಎರಡರ ಆಯುಸ್ಸೂ ಒಂದೇ ಆಗುತ್ತದೆ.

ಕನ್ನಡದ ವಿಷಯಕ್ಕೆ ವಿಬಿ6 ಇನ್ನೊಂದು ಪೆಟ್ಟು ಕೊಟ್ಟಿತು. ಒಳಗೆ ಯುನಿಕೋಡ್ ಇಟ್ಟುಕೊಂಡರೂ ಅದರ ಲೇಬಲ್ಲು, ಟೆಕ್ಸ್ಟ್ ಬಾಕ್ಸುಗಳು ಯುನಿಕೋಡ್ ತೋರಿಸುತ್ತಿರಲಿಲ್ಲ. ಹಾಗಾಗಿ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಬಗೆಯ ಫಾಂಟು ಹಾಕಿ ಕನ್ನಡ ಕಾಣುವಂತೆ ಮಾಡಿದರು. ಫಾಂಟ್ ಇದ್ದಲ್ಲಿ ರೈತನ ಹೆಸರು, ಇಲ್ಲದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಂತೆ. ಆ ಡೇಟಾವನ್ನು ಯುನಿಕೋಡಿಗೆ ತರುವ ಗೋಳು ಇಂದಿಗೂ ಪೂರ್ತಿ ಮುಗಿದಿಲ್ಲ.

ಇನ್ನು ಕಾಲೇಜು ಲ್ಯಾಬಿನ ಕಡೆಗೆ. ಕರ್ನಾಟಕದ ಪಿಯು ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ತಲೆಮಾರುಗಳಿಗೆ ಪ್ರೋಗ್ರಾಮಿಂಗ್ ಎಂದರೆ ಟರ್ಬೊ ಸಿ++ನ ನೀಲಿ ಪರದೆ. ಹಳದಿ ಅಕ್ಷರ, ಮೇಲೆ ಬೂದು ಮೆನು ಪಟ್ಟಿ. ಎಫ್2 ಒತ್ತಿದರೆ ಸೇವ್, ಆಲ್ಟ್ ಎಫ್9 ಕಂಪೈಲ್, ಕಂಟ್ರೋಲ್ ಎಫ್9 ರನ್, ಫಲಿತಾಂಶ ನೋಡಲು ಆಲ್ಟ್ ಎಫ್5. ಜಗಳೂರಿನ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಕೈಕೊಡುತ್ತದೋ ಹೇಳಲಾಗದು; ಎರಡು ಸಾಲಿಗೊಮ್ಮೆ ಎಫ್2 ಒತ್ತುವ ಚಾಳಿ ಬೆರಳಿಗೆ ತಾನಾಗಿ ಅಂಟುತ್ತದೆ.

ಬೋರ್ಲೆಂಡ್ ಕಂಪನಿಯ ಈ ಸಾಧನ 1990ರ ದಶಕದ ಆರಂಭದ್ದು. ಸಿ++ ಭಾಷೆಗೆ ಮೊದಲ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1998ರಲ್ಲಿ. ಎಂದರೆ ಹುಡುಗರು ಕಲಿಯುತ್ತಿದ್ದ ಸಿ++ ಮಾನದಂಡಕ್ಕಿಂತ ಹಿಂದಿನದು. ಲ್ಯಾಬಿನಲ್ಲಿ ಬಾಯಿಪಾಠವಾದ ‘ಐಒಸ್ಟ್ರೀಮ್ ಡಾಟ್ ಎಚ್’, ‘ವಾಯ್ಡ್ ಮೇನ್’, ಪರದೆ ಒರೆಸುವ ‘ಕ್ಲಿಯರ್ ಸ್ಕ್ರೀನ್’, ಕೊನೆಯಲ್ಲೊಂದು ‘ಗೆಟ್‌ಸಿಎಚ್’ ಇವು ಎಂಜಿನಿಯರಿಂಗ್ ಕಾಲೇಜಿನ ಉಬುಂಟುವಿನಲ್ಲಿ ಜಿಸಿಸಿ ಕಂಪೈಲರ್ ಮುಂದಿಟ್ಟ ಕೂಡಲೇ ತಪ್ಪಾಗುತ್ತವೆ. 64 ಬಿಟ್ ವಿಂಡೋಸ್ ಬಂದಮೇಲೆ ಟರ್ಬೊ ನೇರವಾಗಿ ಓಡುವುದೇ ಇಲ್ಲ; ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶದೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿಸಿ ಓಡಿಸಬೇಕು. ಇಷ್ಟಾದರೂ ಅದು ವರ್ಷಗಟ್ಟಲೆ ಜಾಗ ಬಿಟ್ಟು ಕದಲಲಿಲ್ಲ. ಯಾಕೆ?

ಜಡ್ಡುಗಟ್ಟಿದ ಸಿಲಬಸ್ ಎಂದು ಬೈದು ಸುಮ್ಮನಾಗುವುದು ಸುಲಭ. ಅದು ಅರ್ಧ ಉತ್ತರ. ಇನ್ನರ್ಧ ಆ ಪರದೆಯಲ್ಲೇ ಇದೆ. ಅದನ್ನು ಸಿ ಡ್ರೈವಿಗೆ ಕಾಪಿ ಮಾಡಿದರೆ ಸಾಕು, ಅನುಸ್ಥಾಪನೆಯ ತಲೆನೋವಿಲ್ಲ. ತೆರೆದ ಕ್ಷಣದಲ್ಲೇ ಬರೆಯಲು ಜಾಗ. ಒಂದೇ ಕೀಲಿಗೆ ಓಟ. ತಪ್ಪಾದರೆ ಕೆಳಗಿನ ಪೆಟ್ಟಿಗೆಯಲ್ಲಿ ಸಂದೇಶ, ಅದರ ಮೇಲೆ ಎಂಟರ್ ಒತ್ತಿದರೆ ಕರ್ಸರ್ ಹೋಗಿ ಆ ಸಾಲಿನಲ್ಲೇ ನಿಲ್ಲುತ್ತದೆ. ಯಾವ ಪದದ ಮೇಲಾದರೂ ನಿಂತು ಕಂಟ್ರೋಲ್ ಎಫ್1 ಒತ್ತಿ, ಉದಾಹರಣೆ ಸಮೇತ ವಿವರಣೆ ಹಾಜರ್. ಇಂಟರ್‌ನೆಟ್ ಇಲ್ಲದ ಲ್ಯಾಬಿನಲ್ಲಿ ಇದೆಷ್ಟು ದೊಡ್ಡ ಮಾತು! ಸೆಮಿಕೋಲನ್ ಬಿಟ್ಟುಹೋದರೆ ತಪ್ಪನ್ನು ಅದರ ಮುಂದಿನ ಸಾಲಿನಲ್ಲಿ ತೋರಿಸುವುದು, ಇನ್‌ಕ್ಲೂಡ್ ಫೋಲ್ಡರಿನ ದಾರಿ ತಪ್ಪಿ ‘ಅನೇಬಲ್ ಟು ಓಪನ್ ಇನ್‌ಕ್ಲೂಡ್ ಫೈಲ್’ ಎಂದು ಹಟ ಹಿಡಿಯುವುದು ಇಂಥ ಕಿರಿಕಿರಿಗಳನ್ನು ಲ್ಯಾಬ್ ಮೇಷ್ಟ್ರು ಕಣ್ಣುಮುಚ್ಚಿ ಸರಿಮಾಡಬಲ್ಲರು. ಎಳೆದು ಜೋಡಿಸುವ ಗುಂಡಿ ಅದರಲ್ಲಿ ಒಂದೂ ಇಲ್ಲ. ಚಿತ್ರಮಯ ಅಲ್ಲ, ಆದರೆ ಪರಿಸರ ಹೌದು.

ಈ ವಿದ್ಯೆಯ ಬೇರು ಅದೇ ಬೋರ್ಲೆಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್‌ನಲ್ಲಿದೆ. 1983ರಲ್ಲಿ ಬಂದ ಅದು ಎಡಿಟರ್, ಕಂಪೈಲರ್ ಎರಡನ್ನೂ 40 ಕಿಲೋಬೈಟಿನೊಳಗೆ ಅಡಗಿಸಿತ್ತು. ಬೇರೆ ಕಂಪೈಲರುಗಳು ನೂರಾರು ಡಾಲರಿಗೆ ಮಾರುತ್ತಿದ್ದಾಗ 49.95 ಡಾಲರಿಗೆ ಸಿಗುತ್ತಿತ್ತು. ಬರೆದವರು ಆಂಡರ್ಸ್ ಹೈಲ್ಸ್‌ಬರ್ಗ್. ಮುಂದೆ ಡೆಲ್ಫೈ, ಸಿ ಶಾರ್ಪ್, ಟೈಪ್‌ಸ್ಕ್ರಿಪ್ಟ್ ಮೂರಕ್ಕೂ ಅವರದೇ ಮುಂದಾಳತ್ವ. ಭಾಷೆಯ ಜೊತೆಗೆ ಅದನ್ನು ಬರೆಯುವ ಜಾಗವೂ ಚೆನ್ನಾಗಿರಬೇಕು ಎಂಬ ಹಟ ಈ ನಾಲ್ಕರಲ್ಲೂ ಕಾಣುತ್ತದೆ.

ಪಿಯು ಪಠ್ಯ ಈಗ ಎನ್‌ಸಿಇಆರ್‌ಟಿ ದಾರಿಗೆ ಹೊರಳಿ ಪೈಥಾನ್ ಬಂದಿದೆ. ಅದರ ಜೊತೆಗೆ ಟರ್ಬೊ ಕಾಲದಲ್ಲಿ ಏಳದಿದ್ದ ಪ್ರಶ್ನೆಯೂ ಬಂದಿದೆ, ಯಾಕೆಂದರೆ ಪೈಥಾನ್‌ಗೆ ಕನ್ನಡ ಗೊತ್ತು. ಹುಡುಗಿಯೊಬ್ಬಳು ನಾಲ್ಕು ತಾಲ್ಲೂಕುಗಳ ಹೆಸರನ್ನು ಕನ್ನಡದಲ್ಲೇ ಬರೆದು ಪ್ರಿಂಟ್ ಮಾಡಲು ಹೊರಟಳು ಎನ್ನೋಣ. ಕಪ್ಪು ಕಮಾಂಡ್ ಕಿಟಕಿಯಲ್ಲಿ ಏನಾಗುತ್ತದೆ? ಆ ಕಿಟಕಿಗಳು ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದಲ್ಲಿ ಹುಟ್ಟಿದವು. ಜಗಳೂರಿನಲ್ಲಿ ಒತ್ತಕ್ಷರ ಇಲ್ಲ, ಹೇಗೋ ಬಚಾವಾದೀತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರರಲ್ಲೂ ಒತ್ತಿದೆ. ಅನೇಕ ಟರ್ಮಿನಲ್ಲುಗಳಲ್ಲಿ ಒತ್ತು ಕೆಳಗಿಳಿಯದೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಕೆಲವು ಹಳೆಯ ವಿಂಡೋಸ್‌ಗಳಲ್ಲಿ ಬರೀ ಖಾಲಿ ಡಬ್ಬಿಗಳು. ಅದೇ ಸಾಲುಗಳನ್ನು ಬ್ರೌಸರಿನಲ್ಲಿ ಓಡುವ ಜುಪಿಟರ್ ನೋಟ್‌ಬುಕ್ಕಿನಲ್ಲಿ ಓಡಿಸಿದರೆ ಕನ್ನಡ ಕನ್ನಡದಂತೆಯೇ ಮೂಡುತ್ತದೆ.

ಇದು ಬರೀ ಅಂದದ ಮಾತಲ್ಲ. ನ್ಯಾಮತಿ ಎಂಬುದರ ಉದ್ದ ಎಷ್ಟು ಎಂದು ಪೈಥಾನ್‌ಗೆ ಕೇಳಿದರೆ 7 ಎನ್ನುತ್ತದೆ. ಓದುವವರಿಗೆ ಮೂರೇ ಅಕ್ಷರ. ಹೊನ್ನಾಳಿ ಅದರ ಲೆಕ್ಕದಲ್ಲಿ 8. ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಲ್ಯಾಬಿನ ಮಾಮೂಲಿ ಅಭ್ಯಾಸವಾದ ಪಾಲಿಂಡ್ರೋಮ್ ಪರೀಕ್ಷೆಗೆ ‘ಕನಕ’ ಕೊಡಿ, ಹೌದು ಎನ್ನುತ್ತದೆ. ‘ವಿಕಟಕವಿ’ ಕೊಡಿ, ಅಲ್ಲ ಎನ್ನುತ್ತದೆ! ತಿರುಗಿಸಿದಾಗ ಕೊನೆಯ ‘ವಿ’ಯ ಗುಡಿಸು ತನ್ನ ವ್ಯಂಜನವನ್ನು ಬಿಟ್ಟು ಮುಂದೋಡಿ, ಸಾಲಿನ ಮೊದಲಿಗೇ ಒಂಟಿಯಾಗಿ ಬಂದು ನಿಂತಿರುತ್ತದೆ. ಇದನ್ನು ಪರದೆ ಸರಿಯಾಗಿ ತೋರಿಸಿದರೆ ಹುಡುಗಿಗೆ ಒಂದು ಒಳ್ಳೆಯ ಪಾಠ ಸಿಗುತ್ತದೆ. ಪರದೆಯೇ ಕನ್ನಡವನ್ನು ಮುರಿದು ತೋರಿಸುತ್ತಿದ್ದರೆ ತಪ್ಪು ತನ್ನ ಪ್ರೋಗ್ರಾಮಿನದೋ ಕಿಟಕಿಯದೋ ಎಂದೇ ತಿಳಿಯದು. ಕನ್ನಡ ಬಲ್ಲ ಯಾವುದೇ ಹೊಸ ಸಾಧನಕ್ಕೆ ಟರ್ಮಿನಲ್ಲಿಗಿಂತ ಮೇಲಾದ ಪರದೆ ಬೇಕು ಎನ್ನಲು ಇದೊಂದೇ ಕಾರಣ ಸಾಕು. ಇಂಗ್ಲಿಷ್ ಒಂದೇ ಬಲ್ಲ ತಂಡಗಳಿಗೆ ಈ ಕಾರಣ ಹೊಳೆಯುವುದೂ ಇಲ್ಲ.

ಚಿತ್ರದಲ್ಲೇ ಪ್ರೋಗ್ರಾಂ ಬರೆಯುವುದು ನಿಜವಾಗಿ ಗೆದ್ದಿರುವ ಜಾಗವೊಂದಿದೆ, ಅದು ಕಂಪ್ಯೂಟರ್ ಲ್ಯಾಬಿನಿಂದ ದೂರ. ಭದ್ರಾ ನಾಲೆಯ ನೀರುಣ್ಣುವ ಹೊನ್ನಾಳಿ ಕಡೆ ಭತ್ತ, ಭತ್ತ ಇದ್ದಲ್ಲಿ ರೈಸ್‌ಮಿಲ್. ಹೊಸ ಮಿಲ್ಲುಗಳ ಪ್ಯಾನೆಲ್ ಬೋರ್ಡಿನೊಳಗೆ, ದೊಡ್ಡ ಪಂಪ್‌ಹೌಸುಗಳ ಒಳಗೆ ಮೋಟರುಗಳನ್ನು ಸರದಿಯಲ್ಲಿ ಎಬ್ಬಿಸಿ ಕೂರಿಸುವುದು ಪಿಎಲ್‌ಸಿ ಎಂಬ ಚಿಕ್ಕ ಕಂಪ್ಯೂಟರ್. ಅದರ ಭಾಷೆ ಲ್ಯಾಡರ್. ಎಡಬಲಕ್ಕೆ ಎರಡು ಕಂಬ, ನಡುವೆ ಮೆಟ್ಟಿಲುಗಳು, ಪ್ರತಿ ಮೆಟ್ಟಿಲಿನಲ್ಲಿ ಸ್ವಿಚ್ಚು, ರಿಲೆ, ಕಾಯಿಲ್. 1960ರ ದಶಕದ ಕೊನೆಗೆ ಅಮೆರಿಕದ ಕಾರು ಕಾರ್ಖಾನೆಗಳು ರಿಲೆ ತುಂಬಿದ ಬೀರುಗಳನ್ನು ಕಿತ್ತು ಈ ಪೆಟ್ಟಿಗೆ ಕೂರಿಸಿದಾಗ, ಎಲೆಕ್ಟ್ರಿಷಿಯನ್ನರು ಅದುವರೆಗೆ ಕಾಗದದಲ್ಲಿ ಬಿಡಿಸುತ್ತಿದ್ದ ರಿಲೆ ನಕ್ಷೆಯನ್ನೇ ಭಾಷೆ ಮಾಡಿಕೊಂಡರು. 1993ರಲ್ಲಿ ಬಂದ ಐಇಸಿ 61131-3 ಮಾನದಂಡ ಒಪ್ಪಿದ ಐದು ಬಗೆಯ ಬರವಣಿಗೆಯಲ್ಲಿ ಮೂರು ಚಿತ್ರದವು, ಎರಡು ಪಠ್ಯದವು. ಐಟಿಐ ಓದಿದ ಎಲೆಕ್ಟ್ರಿಷಿಯನ್ ರಾತ್ರಿ ಎರಡು ಗಂಟೆಗೆ ಮಿಲ್ ನಿಂತಾಗ ಲ್ಯಾಪ್‌ಟಾಪ್ ಸಿಕ್ಕಿಸಿ ಯಾವ ಮೆಟ್ಟಿಲಲ್ಲಿ ಕರೆಂಟ್ ಹರಿಯುತ್ತಿಲ್ಲ ಎಂದು ಬಣ್ಣ ನೋಡಿಯೇ ಹೇಳುತ್ತಾನೆ. ಅವನಿಗೆ ಪೈಥಾನ್ ಕಲಿಸಬೇಕಿಲ್ಲ. ಬಳಸುವವರ ಕಸುಬಿನಲ್ಲಿ ಮೊದಲೇ ಒಂದು ನಕ್ಷೆ ಇದ್ದರೆ ಆ ನಕ್ಷೆಯೇ ಪರಿಸರವಾಗಬೇಕು, ಅದರಲ್ಲಿ ಎರಡು ಮಾತಿಲ್ಲ.

ಇಂಥ ನಕ್ಷೆ ಇಲ್ಲದಲ್ಲಿ ಚಿತ್ರವನ್ನು ಹೇರಿದರೆ ಬೇಗ ಸುಸ್ತಾಗುತ್ತದೆ. ಒಂದು ಪರದೆಯಲ್ಲಿ ಐವತ್ತಕ್ಕಿಂತ ಹೆಚ್ಚು ಚಿತ್ರದ ತುಣುಕು ಹಿಡಿಸುವುದಿಲ್ಲ ಎಂಬ ಹಳೆಯ ಮಾತೊಂದು ಪೀಟರ್ ಡಾಯ್ಚ್ ಎಂಬ ಪ್ರೋಗ್ರಾಮರ್ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ನಿನ್ನೆಯ ಆವೃತ್ತಿಗೂ ಇವತ್ತಿನದಕ್ಕೂ ಏನು ಬದಲಾಯಿತೆಂದು ಸಾಲುಸಾಲಾಗಿ ಹೋಲಿಸುವುದೂ ಚಿತ್ರದಲ್ಲಿ ಕಷ್ಟ. ಎಂಐಟಿಯಿಂದ 2007ರಲ್ಲಿ ಬಂದ ಸ್ಕ್ರ್ಯಾಚ್ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ, ನಿಜ. ಅಲ್ಲಿ ಬಣ್ಣದ ಇಟ್ಟಿಗೆಗಳು ವ್ಯಾಕರಣದ ತಪ್ಪನ್ನೇ ಅಸಾಧ್ಯ ಮಾಡುತ್ತವೆ, ಅದು ದೊಡ್ಡ ಲಾಭ. ಅದಕ್ಕೂ ಹಿಂದೆ, 1967ರಲ್ಲಿ ಹುಟ್ಟಿದ ಲೋಗೊ ಬೇರೆ ದಾರಿ ಹಿಡಿದಿತ್ತು: ಆಜ್ಞೆ ಪಠ್ಯದಲ್ಲಿ, ಫಲ ಚಿತ್ರದಲ್ಲಿ. ಡಾ. ಯು.ಬಿ. ಪವನಜ ಅದನ್ನು ಕನ್ನಡ ಲೋಗೊ ಆಗಿಸಿದಾಗ ಮಕ್ಕಳು ಕನ್ನಡದಲ್ಲೇ ಆಜ್ಞೆ ಕೊಟ್ಟು, ಪರದೆಯ ಮೇಲೆ ಚಿತ್ರ ಬಿಡಿಸುವ ಆಮೆಯನ್ನು ನಡೆಸುವುದು ಸಾಧ್ಯವಾಯಿತು; ಆ ಕೆಲಸಕ್ಕೆ ಮಂಥನ್ ಪ್ರಶಸ್ತಿಯೂ ಬಂತು. ಇಟ್ಟಿಗೆಯೋ ಆಮೆಯೋ ಎಂದು ಆರಿಸಬೇಕಾದರೆ ಈ ಅಂಕಣದ ಮತ ಆಮೆಗೇ. ಬರೆಯುವ ಅಭ್ಯಾಸವೂ ಉಳಿಯಿತು, ನೋಡುವ ಖುಷಿಯೂ ಸಿಕ್ಕಿತು.

ಸ್ವಂತ ಪರಿಸರ ಕಟ್ಟುವ ಖರ್ಚನ್ನು ತಂಡಗಳು ಸದಾ ಕಡಿಮೆ ಅಂದಾಜು ಮಾಡುತ್ತವೆ. 2012ರಲ್ಲಿ ಲೈಟ್ ಟೇಬಲ್ ಎಂಬ ಹೊಸ ಬಗೆಯ ಐಡಿಇಗೆ ಕಿಕ್‌ಸ್ಟಾರ್ಟರ್‌ನಲ್ಲಿ ಜನ ಮೂರು ಲಕ್ಷ ಡಾಲರಿಗೂ ಹೆಚ್ಚು ಹಣ ಸುರಿದರು. ಅದನ್ನು ಕಟ್ಟಿದವರು ಮುಂದೆ ಈವ್ ಎಂಬ ಭಾಷೆಗೆ ಕೈಹಾಕಿ, ಅದರ ಪರಿಸರವನ್ನು ಒಂದಾದ ಮೇಲೊಂದು ರೂಪದಲ್ಲಿ ಕಟ್ಟಿ ಕೆಡವಿ, 2018ರಲ್ಲಿ ನಿಲ್ಲಿಸಿದರು. ಅತ್ತ ಗೂಗಲ್ 2009ರಲ್ಲಿ ಗೋ ಭಾಷೆಯನ್ನು ಬಿಟ್ಟಾಗ ಐಡಿಇ ಕೊಡಲೇ ಇಲ್ಲ. ಬರೆದ ಕೋಡನ್ನು ಒಂದೇ ಓರಣಕ್ಕೆ ತರುವ ಗೋಫ್‌ಎಂಟಿ ಎಂಬ ಪುಟ್ಟ ಸಾಧನ ಕೊಟ್ಟು, ಎಡಿಟರ್ ನಿಮ್ಮಿಷ್ಟ ಎಂದಿತು. ಭಾಷೆಗೆ ಏನೂ ಕೊರತೆಯಾಗಲಿಲ್ಲ.

ಈಗಿನ ಲೆಕ್ಕಾಚಾರವನ್ನು ಬದಲಿಸಿದ್ದು 2016ರಲ್ಲಿ ಮೈಕ್ರೋಸಾಫ್ಟ್ ಮುಂದಿಟ್ಟ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್. ಹಿಂದೆ ಹತ್ತು ಭಾಷೆ, ಹತ್ತು ಎಡಿಟರ್ ಇದ್ದರೆ ತಪ್ಪು ತೋರಿಸಲು, ಪದ ಪೂರೈಸಲು ನೂರು ಜೋಡಣೆ ಬೇಕಿತ್ತು. ಈಗ ಭಾಷೆಯ ಕಡೆಯವರು ಒಂದು ಸರ್ವರ್ ಬರೆದರೆ ಅದು ಆ ಪ್ರೋಟೊಕಾಲ್ ಬಲ್ಲ ಎಲ್ಲ ಎಡಿಟರುಗಳ ಜೊತೆಗೂ ಮಾತಾಡುತ್ತದೆ. ನೂರರ ಕೆಲಸ ಇಪ್ಪತ್ತಕ್ಕೆ ಇಳಿಯಿತು. ಹಾಗಾಗಿ ಇಂದು ಹೊಸ ಭಾಷೆ ಕಟ್ಟುವವರು ಮೊದಲು ಹಣ, ಹೊತ್ತು ಹಾಕಬೇಕಾದ್ದು ಓದಿದರೆ ಅರ್ಥವಾಗುವ ತಪ್ಪಿನ ಸಂದೇಶಗಳಿಗೆ, ಆಮೇಲೆ ಈ ಸರ್ವರಿಗೆ. ಸ್ವಂತ ಕಿಟಕಿಯ ಮಾತು ಎರಡೇ ಸಂದರ್ಭದಲ್ಲಿ ಬರಬೇಕು: ಬಳಸುವವರ ಬಳಿ ಎಡಿಟರ್ ಎಂಬುದೇ ಇಲ್ಲದಿದ್ದಾಗ, ಇಲ್ಲವೇ ಲ್ಯಾಡರಿನಂತೆ ತಯಾರಾಗುವ ವಸ್ತುವೇ ಚಿತ್ರವಾಗಿದ್ದಾಗ.

ಮೊದಲನೆಯದಕ್ಕೆ ಆರ್ಡುಯಿನೊ ಒಳ್ಳೆಯ ನಿದರ್ಶನ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಈ ಸಣ್ಣ ಬೋರ್ಡಿನ ಐಡಿಇಯಲ್ಲಿ ಮುಖ್ಯವಾಗಿ ಎರಡೇ ಗುಂಡಿ: ಪರಿಶೀಲಿಸು, ಬೋರ್ಡಿಗೆ ಕಳಿಸು. ಮಣ್ಣಿನ ತೇವ ಅಳೆಯುವ ಸೆನ್ಸರ್ ಸಿಕ್ಕಿಸಿದ ಹೈಸ್ಕೂಲ್ ಹುಡುಗನಿಗೆ ಅಳತೆ ಸಾಲುಸಾಲಾಗಿ ಇಳಿದು ಬರುವ ಸೀರಿಯಲ್ ಮಾನಿಟರ್ ಕಿಟಕಿಯೊಂದಿದ್ದರೆ ಬೇರೇನೂ ಬೇಡ. ಪದ ತಾನೇ ಪೂರೈಸುವ ಸೌಲಭ್ಯ ಆ ಐಡಿಇಗೆ ಬಂದದ್ದು 2022ರ ಎರಡನೇ ಆವೃತ್ತಿಯಲ್ಲಿ, ಅದೂ ಲ್ಯಾಂಗ್ವೇಜ್ ಸರ್ವರ್ ಮೂಲಕ. ಅಷ್ಟು ಹೊತ್ತಿಗೆ ಆರ್ಡುಯಿನೊ ಜಗತ್ತಿನ ಶಾಲೆಗಳನ್ನೆಲ್ಲ ಸುತ್ತಿ ಬಂದಾಗಿತ್ತು.

ಲ್ಯಾಬಿನ ಯಂತ್ರ ಯಾವ ಕಾಲದ್ದು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಎಸ್ ಕೋಡ್ ಎಡಿಟರಿನ ಹೊಸ ಆವೃತ್ತಿಗಳು ವಿಂಡೋಸ್ 7ರಲ್ಲಿ ಓಡುವುದಿಲ್ಲ, ಪೈಥಾನ್ 3.9ರಿಂದ ಈಚೆಗಿನದೂ ಅಷ್ಟೇ. ಆಂಡ್ರಾಯ್ಡ್ ಸ್ಟುಡಿಯೋ ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತದೆ. ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಹಳೆಯ ಯಂತ್ರಗಳೇ ಇದ್ದರೆ ಪೈಥಾನ್ ಕಲಿಸುವ ಮೇಷ್ಟ್ರು ಥಾನಿಯ ಕಡೆ ನೋಡಬಹುದು. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ಕಟ್ಟಿದ ಐಡಿಇ ಅದು. ಪೈಥಾನ್ ಅದರೊಳಗೇ ಇರುತ್ತದೆ, ಬೇರೆಯಾಗಿ ಹಾಕಬೇಕಿಲ್ಲ. ಒಂದು ಸಾಲಿನ ಲೆಕ್ಕವನ್ನು ತುಂಡುತುಂಡಾಗಿ ಬಿಡಿಸುತ್ತ ಪ್ರತಿ ಹೆಜ್ಜೆಗೂ ಯಾವ ವೇರಿಯಬಲ್ಲಿನಲ್ಲಿ ಏನಿದೆ ಎಂದು ಪಕ್ಕದ ಪಟ್ಟಿಯಲ್ಲಿ ತೋರಿಸುತ್ತದೆ. ಪೈಥಾನ್ 3.8 ಜೊತೆಗಿರುವ ಅದರ 32 ಬಿಟ್ ಆವೃತ್ತಿ ವಿಂಡೋಸ್ 7ರಲ್ಲೂ ಓಡುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ದು ಇಂಟರ್‌ನೆಟ್ ಇಲ್ಲದೆಯೂ ಹಾಕಿಕೊಳ್ಳಬಹುದು.